ಓದಲು ಕಷ್ಟಪಡುವ ಮಗುವಿಗೆ ಪಾಲುದಾರರು ಯಾರು?

ಅಕೌಂಟೆನ್ಸಿ ತರಗತಿಯಲ್ಲಿ ನಾವು ಪಾಲುದಾರಿಕೆ ಸಂಸ್ಥೆಯ ಪಾಠ ಓದುತ್ತೇವೆ. ಒಬ್ಬರು ಬಂಡವಾಳ ಹಾಕುತ್ತಾರೆ, ಇನ್ನೊಬ್ಬರು ಅಂಗಡಿಯಲ್ಲಿ ಕೂತು ದುಡಿಯುತ್ತಾರೆ. ಯಾರ ಪಾಲು ಎಷ್ಟು, ಯಾರ ಕೆಲಸ ಯಾವುದು ಎಂದು ಮೊದಲೇ ಒಪ್ಪಂದ ಪತ್ರ ಬರೆದುಕೊಳ್ಳುತ್ತಾರೆ. ಕಲಿಕಾ ನ್ಯೂನತೆ ಅಥವಾ ಎಡಿಎಚ್‌ಡಿ ಇರುವ ಮಕ್ಕಳ ವಿಷಯದಲ್ಲೂ ಇಂಥ ಪಾಲುದಾರಿಕೆ ಬೇಕು. ಮನೆ, ಮಕ್ತಬ್, ಶಾಲೆ, ಆಸ್ಪತ್ರೆ, ಇಲಾಖೆ ಎಲ್ಲರ ಹತ್ತಿರವೂ ಒಂದೊಂದು ಪಾಲು ಇದೆ. ಒಪ್ಪಂದ ಇಲ್ಲದ ಕಾರಣ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ.

ಇವು ಏನು?

ಬುದ್ಧಿ ಸರಿಯಾಗಿದ್ದು, ಕಣ್ಣು ಕಿವಿ ಚೆನ್ನಾಗಿದ್ದು, ಪಾಠವೂ ಸಿಕ್ಕಿದ್ದು, ಆದರೂ ಓದು, ಬರಹ ಅಥವಾ ಲೆಕ್ಕದಲ್ಲಿ ವರ್ಷಗಟ್ಟಲೆ ತೊಡಕು ಉಳಿದರೆ ಅದನ್ನು ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತಾರೆ. ಓದಿನ ತೊಡಕು ಡಿಸ್ಲೆಕ್ಸಿಯಾ, ಬರಹದ್ದು ಡಿಸ್ಗ್ರಾಫಿಯಾ, ಲೆಕ್ಕದ್ದು ಡಿಸ್ಕ್ಯಾಲ್ಕುಲಿಯಾ. 1250 ಎಂದು ಬರೆಯುವ ಕಡೆ 1520 ಎಂದು ಬರೆದು, ತಾಳೆಪಟ್ಟಿ ಹೊಂದದೆ ನಾವೆಲ್ಲ ಒಮ್ಮೊಮ್ಮೆ ತಲೆ ಕೆರೆದುಕೊಂಡಿದ್ದೇವೆ. ಅದು ಅವಸರದ ತಪ್ಪು. ಡಿಸ್ಕ್ಯಾಲ್ಕುಲಿಯಾ ಇರುವವರಿಗೆ ನಿಧಾನವಾಗಿ ಬರೆದರೂ ಅಂಕಿಗಳ ತೊಡಕು ಬಿಡುವುದಿಲ್ಲ.

ಎಡಿಎಚ್‌ಡಿ ಬೇರೆ. ಗಮನ ನಿಲ್ಲದಿರುವುದು, ಕೂತಲ್ಲಿ ಕೂರಲಾಗದಿರುವುದು, ಯೋಚಿಸುವ ಮೊದಲೇ ಮಾಡಿಬಿಡುವುದು ಇದರ ಲಕ್ಷಣಗಳು. ಕೆಲವರಲ್ಲಿ ಚಡಪಡಿಕೆ ಇರುವುದೇ ಇಲ್ಲ. ಸುಮ್ಮನೆ ಕೂತಿರುತ್ತಾರೆ, ಗಮನ ಮಾತ್ರ ಎಲ್ಲೋ ಇರುತ್ತದೆ. ಎರಡೂ ತೊಂದರೆ ಒಂದೇ ಮಗುವಿನಲ್ಲಿ ಇರಬಹುದು. ಇವು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದವು. ಸೋಮಾರಿತನವಲ್ಲ, ತಾಯಿಯ ಮುದ್ದಿನಿಂದ ಬಂದದ್ದಲ್ಲ, ನಜರ್ ತಗುಲಿದ್ದೂ ಅಲ್ಲ.

ಮೊದಲು ಕಾಣುವುದು ಎಲ್ಲಿ?

ನಮ್ಮಂಥ ಮನೆಗಳಲ್ಲಿ ಮಗು ಐದಾರು ವರ್ಷಕ್ಕೇ ಮಕ್ತಬ್‌ಗೆ ಹೋಗಿ ಕಾಯಿದಾ ಹಿಡಿಯುತ್ತದೆ. ಅಲ್ಲಿ ಕಥೆ ಇಲ್ಲ, ಚಿತ್ರ ನೋಡಿ ಊಹಿಸುವುದೂ ಇಲ್ಲ. ಅಕ್ಷರ ಗುರುತಿಸಬೇಕು, ಕೂಡಿಸಿ ಓದಬೇಕು. ಬೇ, ತೇ, ಸೇ ಮೂರಕ್ಕೂ ಆಕಾರ ಒಂದೇ, ಚುಕ್ಕೆ ಮಾತ್ರ ಬೇರೆ. ಆದ್ದರಿಂದ ಅಕ್ಷರದ ತೊಡಕು ಎಷ್ಟೋ ಸಲ ಉಸ್ತಾದರ ಕಣ್ಣಿಗೇ ಮೊದಲು ಬೀಳುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಜೊತೆಗೆ ಇಂಗ್ಲಿಷ್ ಇರುವ ಮಗುವಿಗೆ ಕನ್ನಡದ ಒತ್ತಕ್ಷರ ತಡವಾಗಿ ಬಂದರೆ ಅದು ನ್ಯೂನತೆ ಅಲ್ಲ, ಭಾಷೆ ಹೊಸದು ಅಷ್ಟೇ. ಕಾಯಿದಾ ಸಲೀಸಾಗಿ ಓದಿ ಕನ್ನಡದಲ್ಲಿ ಮಾತ್ರ ತಡವರಿಸುವ ಮಗುವಿಗೆ ಹೆಚ್ಚು ಅಭ್ಯಾಸ ಸಾಕಾಗಬಹುದು. ಹೇಳಿಕೊಟ್ಟ ಎಲ್ಲ ಲಿಪಿಗಳಲ್ಲೂ ವರ್ಷ ಕಳೆದರೂ ತಡವರಿಸುತ್ತಿದ್ದರೆ ಪರೀಕ್ಷೆ ಮಾಡಿಸಬೇಕು. ಈ ವ್ಯತ್ಯಾಸ ತಿಳಿಯಲು ಉಸ್ತಾದರು ಕಂಡದ್ದೂ ಕನ್ನಡ ಟೀಚರ್ ಕಂಡದ್ದೂ ಒಂದೇ ಕಡೆ ಸೇರಬೇಕು.

ಎಡಿಎಚ್‌ಡಿಗೂ ಹೀಗೆಯೇ. ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಮನೆ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ಕಾಣಬೇಕು ಎಂಬುದು ವೈದ್ಯರ ನಿಯಮ. ಅಂದರೆ ತಾಯಿಯ ಮಾತೂ ಶಿಕ್ಷಕರ ಮಾತೂ ಇಲ್ಲದೆ ವೈದ್ಯರು ಸರಿಯಾಗಿ ನಿರ್ಣಯಿಸುವುದು ಕಷ್ಟ.

ನನ್ನ ಚಾಚಾನ ಮಗ ಈಗ ಎಂಟನೇ ತರಗತಿ. ಕಾಯಿದಾ ಓದುವಾಗಲೇ ಹಝರತ್ ಅವರು ಚಾಚಿಗೆ, "ಹುಡುಗ ಕೇಳಿದ್ದು ಬೇಗ ಕಲಿಯುತ್ತಾನೆ, ನೋಡಿದ್ದು ನಿಲ್ಲುತ್ತಿಲ್ಲ" ಎಂದಿದ್ದರು. ಶಾಲೆಯ ಪ್ರಗತಿ ಪತ್ರದಲ್ಲಿ ವರ್ಷವೂ "ಅಜಾಗರೂಕ" ಎಂದೇ ಬಂತು. ಈ ಎರಡು ಮಾತುಗಳನ್ನು ಯಾರೂ ಒಟ್ಟಿಗೆ ಇಟ್ಟು ನೋಡಲಿಲ್ಲ. ಇತಿಹಾಸದ ಪಾಠ ಬಾಯಲ್ಲಿ ಕೇಳಿದರೆ ಪೂರ್ತಿ ಹೇಳುವ ಹುಡುಗ, ಈ ರಮಜಾನ್‌ನಲ್ಲಿ "ಭಾಯಿ, ನಾನು ಗ್ಯಾರೇಜ್‌ಗೆ ಸೇರ್ತೀನಿ" ಎಂದ. ಗ್ಯಾರೇಜ್ ಕೆಲಸ ಕೀಳಲ್ಲ. ಆದರೆ ತನಗೆ ಓದು ಬರುವುದೇ ಇಲ್ಲ ಎಂದು ನಂಬಿ ಹೋಗುವುದು ಬೇರೆ ವಿಷಯ. ಈಗ ಚಾಚಿ ಕಡತ ಹಿಡಿದು ಜಿಲ್ಲಾ ಆಸ್ಪತ್ರೆಗೆ ಓಡಾಡುತ್ತಿದ್ದಾರೆ. ಎಸ್ಸೆಸ್ಸೆಲ್ಸಿಗೆ ಎರಡೇ ವರ್ಷ ಇದೆ.

ಸರ್ಕಾರದ ಪಾಲು

1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಆದವು. ನಿರ್ದಿಷ್ಟ ಕಲಿಕಾ ನ್ಯೂನತೆ ಆಗ ಸೇರಿತು. ಎಡಿಎಚ್‌ಡಿ ಪ್ರತ್ಯೇಕವಾಗಿ ಸೇರಿಲ್ಲ. ಆದರೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ತೊಂದರೆಗಳ ಪಟ್ಟಿಯಲ್ಲಿ ಎರಡೂ ಇವೆ. ಇದರ ಸಂಚಾರಿ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಬರಬೇಕು. ಮುಂದಿನ ಪರೀಕ್ಷೆಗೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. ಅನುದಾನರಹಿತ ಶಾಲೆಯ ಮಕ್ಕಳ ಬಳಿಗೆ ಈ ತಂಡ ಬರುವುದಿಲ್ಲ. ಅವರ ಮನೆಯವರೇ ಮುಂದಾಗಬೇಕು.

ಹೆಚ್ಚಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಕಲಿಕಾ ನ್ಯೂನತೆ ಅಳೆಯಲು ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಯನ್ನೇ ಪ್ರಮಾಣಪತ್ರಕ್ಕೂ ಬಳಸುತ್ತಾರೆ. 2018ರ ಮಾರ್ಗಸೂಚಿಯಲ್ಲಿ 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರ ಎಂದಿತ್ತು. ಮೊದಲ ತಪಾಸಣೆ ಶಿಕ್ಷಕರದ್ದು, ನಂತರ ಮಕ್ಕಳ ವೈದ್ಯರು ಮತ್ತು ಮನಶ್ಶಾಸ್ತ್ರಜ್ಞರದ್ದು.

ಊರಿನ ಹತ್ತಿರವೂ ಜನ ಇದ್ದಾರೆ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಯುಡಿಐಡಿ ಕಾರ್ಡ್ ಅರ್ಜಿಗೆ ನೆರವಾಗುತ್ತಾರೆ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಪೋಷಕರಿಗೇ ಮನಸ್ಸು ಭಾರವಾದರೆ 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್, ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಪ್ರಮಾಣಪತ್ರ ಇದ್ದರೆ ಏನು ಸಿಗುತ್ತದೆ? ನ್ಯೂನತೆ ಶೇ. 40 ಅಥವಾ ಹೆಚ್ಚು ಇದ್ದವರಿಗೆ ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಉತ್ತರ ಗೊತ್ತಿದ್ದೂ ಬರೆದು ಮುಗಿಸಲಾಗದವರಿಗೆ ಈ ಒಂದು ಗಂಟೆಯಿಂದ ಫಲಿತಾಂಶವೇ ಬದಲಾಗಬಹುದು. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಸೀಟುಗಳ ಮೀಸಲಾತಿಯಲ್ಲೂ ಇವರು ಸೇರುತ್ತಾರೆ.

ನಮ್ಮ ಪಾಲು

ನಾವು ವೈದ್ಯರಲ್ಲ. ಯಾರಿಗೂ "ನಿನಗೆ ಡಿಸ್ಲೆಕ್ಸಿಯಾ ಇದೆ" ಎಂದು ಹೇಳಬಾರದು, ಆ ಹೆಸರಿಟ್ಟು ತಮಾಷೆಯನ್ನೂ ಮಾಡಬಾರದು. ಆದರೆ ನೋಟ್ಸ್ ಓದಿ ಮೊಬೈಲ್‌ನಲ್ಲಿ ಧ್ವನಿ ರೆಕಾರ್ಡ್ ಮಾಡಿ ಕೊಡಬಹುದು. ಎಡಿಎಚ್‌ಡಿ ಇರುವ ಗೆಳೆಯನೊಂದಿಗೆ 20 ನಿಮಿಷ ಓದಿ, ಎದ್ದು ಓಡಾಡಿ, ಮತ್ತೆ ಕೂತು ಓದಬಹುದು. ನಮ್ಮ ಎನ್ನೆಸ್ಸೆಸ್ ಘಟಕ ಒಂದು ದಿನ ಬಿಐಇಆರ್‌ಟಿ ಶಿಕ್ಷಕರನ್ನೂ ಮೊಹಲ್ಲಾದ ಮಕ್ತಬ್‌ಗಳ ಉಸ್ತಾದರನ್ನೂ ಇದೇ ಕಾಲೇಜಿನ ಸಭಾಂಗಣದಲ್ಲಿ ಕೂರಿಸಿದರೆ, ಯಾವ ಮಗುವನ್ನು ಯಾರ ಹತ್ತಿರ ಕಳಿಸಬೇಕೆಂಬುದು ಒಂದೇ ಹಾಳೆಯಲ್ಲಿ ಬರೆದುಕೊಳ್ಳಬಹುದು. ಅದೇ ನಮ್ಮ ಒಪ್ಪಂದ ಪತ್ರ. ಖರ್ಚು ಚಹಾ ಬಿಸ್ಕತ್ತಿನದು ಮಾತ್ರ.

ಮನೆಯಲ್ಲಿ ಇಂಥ ತಮ್ಮ ತಂಗಿ ಇದ್ದರೆ ಈ ವಾರವೇ ಎರಡು ಕೆಲಸ ಮಾಡಿ: ಉಸ್ತಾದರು ಏನು ಹೇಳುತ್ತಾರೆ ಕೇಳಿ ಬರೆದುಕೊಳ್ಳಿ, ಕ್ಲಾಸ್ ಟೀಚರ್ ಏನು ಹೇಳುತ್ತಾರೆ ಅದನ್ನೂ ಬರೆದುಕೊಳ್ಳಿ. ಆ ಎರಡು ಚೀಟಿ ಅಮ್ಮಿಯ ಕೈಗೆ ಕೊಟ್ಟು ಜಿಲ್ಲಾ ಆಸ್ಪತ್ರೆಗೆ ಜೊತೆಯಾಗಿ ಹೋಗಿ.