ಲಾಂಛನದ ಸಿಂಹ

ರಣಭೂಮಿಯಲ್ಲಿ ತನ್ನವರು ಯಾರು, ಹಗೆಗಳು ಯಾರು ಎಂಬುದನ್ನು ದೂರದಿಂದಲೇ ಗುರುತಿಸಬೇಕಾದ ಅಗತ್ಯದಿಂದ ಲಾಂಛನಗಳು ಬಳಕೆಗೆ ಬಂದವು. ಕದಂಬರಿಗೆ ಸಿಂಹ, ಬಾದಾಮಿಯ ಚಾಲುಕ್ಯರಿಗೆ ವರಾಹ, ಮೈಸೂರಿನ ಒಡೆಯರಿಗೆ ಗಂಡಭೇರುಂಡ ಲಾಂಛನಗಳಾಗಿದ್ದವು. ಯೂರೋಪಿನಲ್ಲಿ ಅಡಿಯಿಂದ ಮುಡಿಯವರೆಗೆ ಉಕ್ಕಿನ ಕವಚ ತೊಟ್ಟ ಯೋಧನ ಮುಖ ಕಾಣುತ್ತಿರಲಿಲ್ಲ. ಆದುದರಿಂದ ಗುರಾಣಿಯ ಮೇಲೆ ಚಿತ್ರ ಬರೆಯಿಸಿಕೊಳ್ಳುವ ಪದ್ಧತಿ ಅಲ್ಲಿ ಬೆಳೆಯಿತು. ಕಾಲಕ್ರಮದಲ್ಲಿ ಆ ಚಿತ್ರ ಮನೆತನದ ಸ್ವತ್ತಾಗಿ, ತಂದೆಯಿಂದ ಮಗನಿಗೆ ಇಳಿದು ಬರತೊಡಗಿತು. ಇಂದು ಸೈನಿಕನ ಟೋಪಿಯ ಮೇಲೆ ಹೊಳೆಯುವ ಬಿಲ್ಲೆಯೂ ಈ ಹಳೆಯ ಪದ್ಧತಿಯ ಮುಂದುವರಿಕೆಯೇ ಆಗಿದೆ.

ಭಾರತದ ಭೂಸೇನೆಯಲ್ಲಿ ಕುಮಾವೂನ್ ರೆಜಿಮೆಂಟ್ ಎಂಬುದೊಂದು ಹೆಸರಾಂತ ಪಡೆ. ಹಿಮಾಲಯದ ತಪ್ಪಲಿನಲ್ಲಿರುವ ರಾಣಿಖೇತ್ ಇದರ ಕೇಂದ್ರ. ಮುಂಗಾಲುಗಳನ್ನೆತ್ತಿ ನಿಂತ ಸಿಂಹದ ಮೇಲರ್ಧವೇ ಇದರ ಲಾಂಛನ. ಆ ಸಿಂಹ ತನ್ನ ಪಂಜಗಳಲ್ಲಿ ಒಂದು ಶಿಲುಬೆಯನ್ನು ಹಿಡಿದಿದೆ. ಹಿಮಾಲಯದ ಪಡೆಗೆ ಇಂತಹ ಚಿಹ್ನೆ ಹೇಗೆ ಬಂದಿತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ದಾರಿ ದಕ್ಷಿಣಕ್ಕೆ ತಿರುಗಿ ಹೈದರಾಬಾದಿಗೆ, ಅಲ್ಲಿಂದ ಕೃಷ್ಣಾ ಭೀಮಾ ನದಿಗಳ ನಡುವಣ ಸುರಪುರಕ್ಕೆ ಬಂದು ಸೇರುತ್ತದೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೈದರಾಬಾದಿನ ನಿಜಾಮನ ಆಸ್ಥಾನದಲ್ಲಿ ಹೆನ್ರಿ ರಸೆಲ್ ಎಂಬವನು ಬ್ರಿಟಿಷ್ ರೆಸಿಡೆಂಟನಾಗಿದ್ದನು. 1813ರಲ್ಲಿ ಅವನು ಒಂದು ಹೊಸ ಪಡೆಯನ್ನು ಕಟ್ಟಿದನು. ಅದಕ್ಕೆ ರಸೆಲ್ ಬ್ರಿಗೇಡ್ ಎಂಬ ಹೆಸರಾಯಿತು. ಪಡೆಯ ಹೆಸರಿನಂತೆಯೇ ಅದರ ಲಾಂಛನವೂ ಅವನ ಮನೆತನದಿಂದಲೇ ಬಂದಿತು. ಆ ಅರ್ಧಸಿಂಹ, ಆ ಶಿಲುಬೆ ರಸೆಲ್ ವಂಶದವು. 1853ರ ಒಪ್ಪಂದದಂತೆ ನಿಜಾಮನ ಈ ಸೈನ್ಯ ಹೈದರಾಬಾದ್ ಕಂಟಿಂಜೆಂಟ್ ಎಂದು ಪುನರ್ರಚಿತವಾಯಿತು. ಅದರ ವೆಚ್ಚಕ್ಕಾಗಿ ನಿಜಾಮನು ಬೇರಾರ್ ಪ್ರಾಂತವನ್ನು ಕಂಪನಿಯ ವಶಕ್ಕೆ ಒಪ್ಪಿಸಬೇಕಾಯಿತು. ಖರ್ಚು ನಿಜಾಮನದು, ಅಧಿಕಾರ ಆಂಗ್ಲರದು, ದುಡಿಮೆ ದೇಶೀಯ ಸಿಪಾಯಿಗಳದು.

ಈ ಪಡೆಯ ಒಂದು ಠಾಣ್ಯ ಲಿಂಗಸುಗೂರಿನಲ್ಲಿತ್ತು. ಅದರ ಉತ್ತರಕ್ಕೆ, ಕೃಷ್ಣಾ ನದಿಯ ಆಚೆಗೆ ಬೇಡ ನಾಯಕರ ಸುರಪುರ ಸಂಸ್ಥಾನ. ಸುರಪುರದ ಬೇಡರ ಶೌರ್ಯ ಹೊಸತಲ್ಲ. 1705ರಲ್ಲಿ ವಾಗಿನಗೇರಾ ಕೋಟೆಯ ಮುಂದೆ ಅವರು ವೃದ್ಧ ಔರಂಗಜೇಬನ ಮಹಾಸೈನ್ಯವನ್ನೇ ತಡೆದು ನಿಲ್ಲಿಸಿದ್ದರು. 1857ರ ಸಂಗ್ರಾಮದ ಕಾಲಕ್ಕೆ ಅಲ್ಲಿ ರಾಜನಾಗಿದ್ದವನು ತರುಣ ವೆಂಕಟಪ್ಪ ನಾಯಕ. ಬಾಲ್ಯದಲ್ಲಿ ಅವನ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವನು ಫಿಲಿಪ್ ಮೆಡೋಸ್ ಟೇಲರ್. ಬಾಲಕ ತನ್ನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆ ಟೇಲರನೂ ಮೊದಲು ನಿಜಾಮನ ಸೈನ್ಯದಲ್ಲಿಯೇ ಅಧಿಕಾರಿಯಾಗಿದ್ದವನು.

ರಾಜನ ಮೇಲೆ ಆಂಗ್ಲರಿಗೆ ಸಂಶಯ ಬಲಿಯಿತು. 1858ರ ಫೆಬ್ರುವರಿಯಲ್ಲಿ ಕ್ಯಾಪ್ಟನ್ ವಿಂಡ್ಯಮ್‌ನ ನೇತೃತ್ವದಲ್ಲಿ ಕಂಟಿಂಜೆಂಟಿನ ಪಡೆಯೊಂದು ಸುರಪುರದ ಬಳಿ ಬೀಡುಬಿಟ್ಟಿತು. ಫೆಬ್ರುವರಿ 7ರ ರಾತ್ರಿ ನಾಯಕನ ಯೋಧರು ಆ ಶಿಬಿರದ ಮೇಲೆ ಎರಗಿದರು. ಮರುದಿನವೂ ಕಾಳಗ ನಡೆದು, ಮದ್ರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಆದರೆ ಹೊಸ ಸೈನ್ಯಗಳು ಬಂದು ಸೇರುತ್ತಿದ್ದಂತೆ ರಾಜನ ಬಲ ಕುಂದಿತು. ಹೈದರಾಬಾದಿಗೆ ಹೋದ ಅವನು ಅಲ್ಲಿ ಸೆರೆಯಾದನು. ಶಿಕ್ಷೆಗೆ ಗುರಿಯಾಗಿ ಚೆಂಗಲ್ಪಟ್ಟಿಗೆ ಒಯ್ಯಲ್ಪಡುತ್ತಿದ್ದಾಗ ದಾರಿಯಲ್ಲಿಯೇ ಗುಂಡೇಟಿನಿಂದ ಅಸುನೀಗಿದನು. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು. ನೆರೆಯ ಶಹಾಪುರ, ಯಾದಗಿರಿಗಳೊಡನೆ ಅದೂ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿಯೇ ಉಳಿಯಿತು. ಇಂದು ಈ ಮೂರು ಊರುಗಳೂ ಯಾದಗಿರಿ ಜಿಲ್ಲೆಗೆ ಸೇರಿವೆ.

ಇತ್ತ ಕಂಟಿಂಜೆಂಟಿನ ಪದಾತಿದಳಗಳು 1903ರಲ್ಲಿ ಭಾರತೀಯ ಸೇನೆಯೊಳಗೆ ಸೇರಿಹೋದವು. ಮೊದಲ ಮಹಾಯುದ್ಧದ ತರುವಾಯ ಅವು 19ನೆಯ ಹೈದರಾಬಾದ್ ರೆಜಿಮೆಂಟ್ ಎಂಬ ಒಂದೇ ಹೆಸರಿನಡಿ ಒಂದುಗೂಡಿದವು. ಆ ಹೊತ್ತಿಗೆ ಸೈನಿಕರಲ್ಲಿ ಬಹುಮಂದಿ ಉತ್ತರ ಭಾರತದವರಾಗಿದ್ದರು. 1945ರ ಅಕ್ಟೋಬರ್ 27ರಂದು ಪಡೆಗೆ ಕುಮಾವೂನ್ ಎಂಬ ಹೆಸರಾಯಿತು. ಹೆಸರು ಬದಲಾದರೂ ಸಿಂಹ ಬದಲಾಗಲಿಲ್ಲ. ಮಡಿಕೇರಿಯಲ್ಲಿ ಜನಿಸಿದ ಕೊಡಗಿನ ವೀರ ಜನರಲ್ ತಿಮ್ಮಯ್ಯನವರು ಇದೇ ರೆಜಿಮೆಂಟಿನವರು. ಎರಡನೆಯ ಮಹಾಯುದ್ಧದಲ್ಲಿ ಇದರ ಒಂದು ಬೆಟಾಲಿಯನ್ನನ್ನು ಬರ್ಮಾದಲ್ಲಿ ಮುನ್ನಡೆಸಿದ ಅವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು.

ಸ್ವತಂತ್ರ ಭಾರತದ ರಕ್ಷಣೆಗೆ ಈ ಪಡೆ ತೆತ್ತ ಬೆಲೆ ಅಪಾರವಾದುದು. 1947ರ ನವೆಂಬರ್ 3ರಂದು ಕಾಶ್ಮೀರದ ಬಡಗಾಮಿನಲ್ಲಿ, ಎಡಗೈಗೆ ಪ್ಲಾಸ್ಟರ್ ಕಟ್ಟಿದ್ದರೂ ಮುಂಚೂಣಿಯಲ್ಲಿ ನಿಂತು ಹೋರಾಡಿ ಮಡಿದ ಮೇಜರ್ ಸೋಮನಾಥ ಶರ್ಮರಿಗೆ ದೇಶದ ಮೊತ್ತಮೊದಲ ಪರಮವೀರ ಚಕ್ರ ಸಂದಿತು. 1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾ ಕಣಿವೆಮಾರ್ಗದಲ್ಲಿ ಮೇಜರ್ ಶೈತಾನ್ ಸಿಂಗರೊಡನೆ ಸುಮಾರು 120 ಯೋಧರು ಹೋರಾಡಿದರು. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಹಿಮದಲ್ಲಿಯೇ ಪ್ರಾಣವನ್ನರ್ಪಿಸಿದರು. ಅವರೆಲ್ಲರ ಪಡೆಯ ಲಾಂಛನ ಇದೇ ಸಿಂಹ.

ಭಾರತ ಗಣರಾಜ್ಯವಾದ ಮೇಲೆ ಸೇನೆಯ ಪದವಿಚಿಹ್ನೆಗಳಲ್ಲಿದ್ದ ಬ್ರಿಟಿಷ್ ಕಿರೀಟ ತೆಗೆಯಲ್ಪಟ್ಟು, ಅದರ ಸ್ಥಾನದಲ್ಲಿ ಅಶೋಕಸ್ತಂಭದ ಸಿಂಹಗಳು ಬಂದವು. ಕಿರೀಟ ಪರರ ಪ್ರಭುತ್ವದ ಗುರುತು. ಅದು ಹೋದದ್ದು ಸಹಜವೇ ಸರಿ. ರಸೆಲನ ಸಿಂಹವೂ ಪರದೇಶದ್ದೇ. ಆದರೆ ತಲೆತಲಾಂತರದಿಂದ ಅದನ್ನು ಧರಿಸಿದ ಸೈನಿಕರು ತಮ್ಮ ರಕ್ತದಿಂದ ಅದಕ್ಕೆ ಬೇರೊಂದು ಅರ್ಥವನ್ನು ಕೊಟ್ಟರು. ಇಂದು ಅದನ್ನು ಕಂಡವರಿಗೆ ನೆನಪಾಗುವುದು ರೆಸಿಡೆಂಟನ ವಂಶವಲ್ಲ. ಬಡಗಾಮ್ ಮತ್ತು ರೆಜಾಂಗ್ ಲಾ.

ಹಾಗೆಂದು ಸುರಪುರವನ್ನು ಮರೆಯುವಂತಿಲ್ಲ. 1858ರಲ್ಲಿ ವೆಂಕಟಪ್ಪ ನಾಯಕನ ಮೇಲೆ ಬಂದ ಸೈನ್ಯದಲ್ಲಿ ಇದ್ದವರೂ ಈ ನೆಲದ ಮಕ್ಕಳೇ. ಅಪ್ಪಣೆ ಮಾತ್ರ ಪರರದಾಗಿತ್ತು. ತೊಂಬತ್ತು ವರ್ಷ ಕಳೆಯುವಷ್ಟರಲ್ಲಿ ಆ ಪಡೆಯ ವಾರಸುದಾರರು ತಮ್ಮ ದೇಶದ ಅಪ್ಪಣೆಯಂತೆ ತಮ್ಮ ಗಡಿಯನ್ನು ಕಾಯುತ್ತಿದ್ದರು. ಸೈನಿಕನ ಶೌರ್ಯ ಎರಡು ಕಾಲಗಳಲ್ಲಿಯೂ ಒಂದೇ. ಆ ಶೌರ್ಯ ಯಾರ ಸೇವೆಗೆ ಸಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಸ್ವಾತಂತ್ರ್ಯ. ಸುರಪುರದ ಕೋಟೆಗೋಡೆಯೂ ಕುಮಾವೂನಿನ ಸಿಂಹವೂ ಕೂಡಿ ಕಲಿಸುವ ಪಾಠ ಇದೇ ಆಗಿದೆ.