ಸ್ಟೀಕ್ ಮೇಲೆ ಅಣಬೆ: ನಂಬಿಕೆ ಎಷ್ಟು, ನಿಜ ಎಷ್ಟು?

ದಪ್ಪನೆಯ ಮಾಂಸದ ತುಂಡು, ಅದರ ಮೇಲೆ ಬೆಣ್ಣೆಯಲ್ಲಿ ಹುರಿದ ಅಣಬೆ. ಯುರೋಪ್, ಅಮೆರಿಕದ ಮನೆಗಳಲ್ಲಿ ಇದು ಅರ್ಧ ಗಂಟೆಯ ಅಡುಗೆ. ಅಲ್ಲಿ ನೆಲೆಸಿದ ಕನ್ನಡಿಗರಲ್ಲೂ, ಬೆಂಗಳೂರಿನಲ್ಲೂ ಇದನ್ನು ಮನೆಯಲ್ಲೇ ಮಾಡಿಕೊಳ್ಳುವವರಿದ್ದಾರೆ. ಬೇಕಾಗುವ ಸಾಮಾನು ನಾಲ್ಕೈದು, ಸುತ್ತ ಹಬ್ಬಿರುವ ನಂಬಿಕೆಗಳು ಅದಕ್ಕಿಂತ ಹೆಚ್ಚು. ಅವುಗಳಲ್ಲಿ ಬಹುಪಾಲು ನೀರಿಗೆ ಸಂಬಂಧಿಸಿದವು. ಕೊಬ್ಬು ಕಡಿಮೆಯಿರುವ ಹಸಿ ಮಾಂಸದಲ್ಲಿ ಮುಕ್ಕಾಲು ಪಾಲಿನಷ್ಟು ನೀರಿದ್ದರೆ, ಅಣಬೆಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರೇ.

ತಪ್ಪು ಕಲ್ಪನೆ: ಮೊದಲು ಜೋರು ಉರಿಯಲ್ಲಿ ಸುಟ್ಟರೆ ಮೇಲ್ಪದರ ಗಟ್ಟಿಯಾಗಿ ರಸ ಒಳಗೇ ಉಳಿಯುತ್ತದೆ.

ಸತ್ಯ: ಈ ಮಾತಿಗೆ ಬಲ ಕೊಟ್ಟವರು ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟಸ್ ಫಾನ್ ಲೀಬಿಗ್. ಮಾಂಸದ ಬಗ್ಗೆ 1847ರಲ್ಲಿ ಅವರು ಬರೆದದ್ದು ಅಡುಗೆ ಪುಸ್ತಕಗಳಿಗೆ ಹಬ್ಬಿ ಇವತ್ತಿಗೂ ನಿಂತಿದೆ. 1930ರ ದಶಕದಲ್ಲಿ ಮಾಂಸವನ್ನು ಬೇಯಿಸಿ ತೂಕ ಹಾಕಿ ನೋಡಿದಾಗ, ಮೊದಲು ಸುಟ್ಟ ತುಂಡು ರಸವನ್ನೇನೂ ಹೆಚ್ಚು ಉಳಿಸಿಕೊಂಡಿರಲಿಲ್ಲ. ಅಮೆರಿಕದ ಹೆರಾಲ್ಡ್ ಮೆಕ್‌ಗೀ 1984ರ ತಮ್ಮ ಪುಸ್ತಕದಲ್ಲಿ ಇದನ್ನು ಸಾಮಾನ್ಯ ಓದುಗರಿಗೂ ಬಿಡಿಸಿ ಹೇಳಿದರು. ಸಾಕ್ಷಿಗೆ ದೂರ ಹೋಗಬೇಕಿಲ್ಲ. ಎರಡೂ ಬದಿ ಕಂದಾದ ಮೇಲೂ ಕಾವಲಿ ಚುಂಯ್‌ಗುಡುತ್ತಲೇ ಇರುತ್ತದೆ. ಅದು ಒಳಗಿನ ನೀರು ಹೊರಬಂದು ಆವಿಯಾಗುವ ಸದ್ದು.

ಹಾಗಾದರೆ ಸುಡುವುದು ಏಕೆ? ರುಚಿಗಾಗಿ. ಮಾಂಸದ ಅಮೈನೋ ಆಮ್ಲಗಳೂ ಸಕ್ಕರೆಗಳೂ ಕಾವಿನಲ್ಲಿ ಸೇರಿ ನೂರಾರು ಪರಿಮಳ ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಮೀ ಮಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಮೇಲ್ಮೈ ಒದ್ದೆಯಿರುವಷ್ಟು ಹೊತ್ತು ಅಲ್ಲಿನ ಕಾವು 100ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದ್ದರಿಂದ ಕಾವಲಿಗೆ ಹಾಕುವ ಮೊದಲು ಮಾಂಸವನ್ನು ಬಟ್ಟೆಯಿಂದಲೋ ಟಿಶ್ಯೂ ಕಾಗದದಿಂದಲೋ ಒತ್ತಿ ಒರೆಸಬೇಕು.

ತಪ್ಪು ಕಲ್ಪನೆ: ತಟ್ಟೆಯಲ್ಲಿ ಇಳಿಯುವ ಕೆಂಪು ನೀರು ರಕ್ತ.

ಸತ್ಯ: ಪ್ರಾಣಿಯನ್ನು ಕಡಿದಾಗಲೇ ರಕ್ತದ ಬಹುಪಾಲು ಹರಿದುಹೋಗಿರುತ್ತದೆ. ಕೆಂಪು ಬಣ್ಣ ಸ್ನಾಯುಗಳಲ್ಲಿ ಆಮ್ಲಜನಕ ಹಿಡಿದಿಡುವ ಮಯೊಗ್ಲೋಬಿನ್ ಎಂಬ ಪ್ರೋಟೀನಿನದು. ಕೋಳಿಯ ಎದೆಯ ಮಾಂಸದಲ್ಲಿ ಇದು ಕಡಿಮೆ, ಅದಕ್ಕೇ ಅದು ಬಿಳಿ.

ತಪ್ಪು ಕಲ್ಪನೆ: ಉಪ್ಪು ಮೊದಲೇ ಸವರಿದರೆ ಮಾಂಸ ಒಣಗುತ್ತದೆ.

ಸತ್ಯ: ಅರ್ಧ ನಿಜ. ಉಪ್ಪು ಸವರಿದ ಕೆಲವೇ ನಿಮಿಷಗಳಲ್ಲಿ ಮೇಲೆ ನೀರಿನ ಹನಿಗಳು ಕಾಣುತ್ತವೆ. ಆ ಹೊತ್ತಿಗೆ ಕಾವಲಿಗೆ ಹಾಕಿದರೆ ಮಾಂಸ ಕಂದಾಗದೆ ಬೇಯುತ್ತದೆ. ಮುಕ್ಕಾಲು ಗಂಟೆ ಬಿಟ್ಟರೆ ಅದೇ ಉಪ್ಪುನೀರು ಮತ್ತೆ ಒಳಗಿಳಿದು ರುಚಿ ಹಿಡಿಯುತ್ತದೆ, ಮೇಲ್ಮೈಯೂ ಒಣಗುತ್ತದೆ. ಅಷ್ಟು ಬಿಡುವಿಲ್ಲದಿದ್ದರೆ ಕಾವಲಿಗೆ ಹಾಕುವ ಕ್ಷಣದಲ್ಲೇ ಉಪ್ಪು ಹಾಕಿ. ನಡುವಿನ ಹೊತ್ತು ಮಾತ್ರ ಬೇಡ.

ತಪ್ಪು ಕಲ್ಪನೆ: ಸ್ಟೀಕನ್ನು ಒಮ್ಮೆ ಮಾತ್ರ ಮಗುಚಬೇಕು.

ಸತ್ಯ: ಅರ್ಧ ನಿಮಿಷಕ್ಕೊಮ್ಮೆ ಮಗುಚಿದರೂ ತೊಂದರೆಯಿಲ್ಲ. ಹಾಗೆ ಮಾಡಿದರೆ ಯಾವ ಬದಿಯೂ ಅತಿಯಾಗಿ ಕಾಯುವುದಿಲ್ಲ, ಹೆಚ್ಚು ತಣಿಯುವುದೂ ಇಲ್ಲ. ಒಳಭಾಗ ಬೇಗ ಬೇಯುತ್ತದೆ, ಸಮನಾಗಿಯೂ ಬೇಯುತ್ತದೆ.

ತಪ್ಪು ಕಲ್ಪನೆ: ಅಣಬೆಯನ್ನು ತೊಳೆಯಬಾರದು, ನೀರು ಕುಡಿದುಬಿಡುತ್ತದೆ.

ಸತ್ಯ: ಇಡೀ ಬಟನ್ ಅಣಬೆಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಅದು ಹೀರುವ ನೀರು ತೀರಾ ಕಡಿಮೆ, ಒಳಗೆ ಮೊದಲೇ ಇರುವ ನೀರಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಮಣ್ಣು ಹತ್ತಿದ ಅಣಬೆ ತಿನ್ನುವುದಕ್ಕಿಂತ ತೊಳೆಯುವುದೇ ಮೇಲು. ಹೆಚ್ಚುವ ಮೊದಲು ತೊಳೆಯಿರಿ, ತೊಳೆದ ಕೂಡಲೇ ಬಳಸಿ. ಒದ್ದೆ ಅಣಬೆಯನ್ನು ಎತ್ತಿಟ್ಟರೆ ಲೋಳೆಯಾಗುತ್ತದೆ.

ತಪ್ಪು ಕಲ್ಪನೆ: ಹೆಚ್ಚು ಹೊತ್ತು ಬೇಯಿಸಿದರೆ ಅಣಬೆ ರಬ್ಬರಾಗುತ್ತದೆ.

ಸತ್ಯ: ಮಾಂಸ ಹಾಗೆ ಗಟ್ಟಿಯಾಗುವುದುಂಟು, ಅಣಬೆ ಆಗುವುದಿಲ್ಲ. ಅದರ ಕೋಶಭಿತ್ತಿಯಲ್ಲಿ ಏಡಿ, ಸಿಗಡಿಯ ಚಿಪ್ಪಿನಲ್ಲಿರುವ ಕೈಟಿನ್ ಇದೆ. ಅಡುಗೆಯ ಕಾವಿಗೆ ಅದು ಜಗ್ಗುವುದಿಲ್ಲ. ಪೇಲವವಾದ, ಜಿಗುಟಾದ ಅಣಬೆ ಬಹುತೇಕ ಸಲ ಹುರಿಯುವುದು ಸಾಲದೆ ಆದದ್ದು. ಬಾಣಲೆಗೆ ಹಾಕಿದ ಐದಾರು ನಿಮಿಷಕ್ಕೆ ತಳದಲ್ಲಿ ಬೂದು ಬಣ್ಣದ ನೀರು ನಿಂತು ಗುಳುಗುಳು ಕುದಿಯುತ್ತದೆ. ಅಲ್ಲಿಗೇ ಇಳಿಸಬೇಡಿ. ನೀರು ಪೂರ್ತಿ ಇಂಗಿ, ಕುದಿಯುವ ಸದ್ದು ಹೋಗಿ ಚಟಪಟ ಶುರುವಾದಾಗ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಕರಿಮೆಣಸು ಬೀಳಲಿ. ಅಂಚು ಕಂದಾದ ಮೇಲೆ ಇಳಿಸಿ.

ತಪ್ಪು ಕಲ್ಪನೆ: ಅಣಬೆ ಬರೀ ಅಲಂಕಾರಕ್ಕೆ.

ಸತ್ಯ: ಈ ಜೋಡಿಯ ಹಿಂದೆ ರಸಾಯನಶಾಸ್ತ್ರವಿದೆ. ಜಪಾನಿನ ಕಿಕುನಾಎ ಇಕೆಡಾ 1908ರಲ್ಲಿ ಸಮುದ್ರದ ಪಾಚಿಯಿಂದ ಗ್ಲುಟಮೇಟ್ ಬೇರ್ಪಡಿಸಿ, ಅದರ ರುಚಿಗೆ ಉಮಾಮಿ ಎಂದರು. ಅಣಬೆಯಲ್ಲಿ ಗ್ಲುಟಮೇಟ್ ಇದೆ, ಮಾಂಸದಲ್ಲಿ ಇನೊಸಿನೇಟ್ ಇದೆ. ಎರಡೂ ಸೇರಿದಾಗ ಹುಟ್ಟುವ ರುಚಿ ಬಿಡಿಬಿಡಿ ರುಚಿಗಳ ಮೊತ್ತಕ್ಕಿಂತ ಎಷ್ಟೋ ಪಾಲು ಗಾಢ. ಆದ್ದರಿಂದ ಸ್ಟೀಕ್ ತೆಗೆದ ಕಾವಲಿಯನ್ನು ತೊಳೆಯಬೇಡಿ. ಎರಡು ಚಮಚ ನೀರು ಚಿಮುಕಿಸಿ, ತಳಕ್ಕೆ ಅಂಟಿದ ಕಂದು ಪದರವನ್ನು ಕೆರೆದು ಅಣಬೆಗೆ ಬೆರೆಸಿ.

ತಪ್ಪು ಕಲ್ಪನೆ: ವಿದೇಶಿ ವಿಡಿಯೊದಲ್ಲಿ ಹೇಳಿದಷ್ಟು ನಿಮಿಷ ಬೇಯಿಸಿದರೆ ಸಾಕು.

ಸತ್ಯ: ನಿಮಿಷದ ಲೆಕ್ಕ ತುಂಡಿನ ದಪ್ಪ, ಪ್ರಾಣಿಯ ವಯಸ್ಸು, ಮಾಂಸದ ಭಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಕರ್ನಾಟಕದ 2020ರ ಕಾಯ್ದೆಯಂತೆ ಇಲ್ಲಿ ದನ, ಎಮ್ಮೆಗಳ ಪೈಕಿ 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಮಾತ್ರ ಕಡಿಯಬಹುದು. ವಯಸ್ಸಾದಂತೆ ಮಾಂಸದ ಕೊಲಾಜನ್ ಎಂಬ ಪ್ರೋಟೀನ್ ಬಿಗಿಯುತ್ತದೆ, ಹತ್ತು ನಿಮಿಷದ ಅಡುಗೆಗೆ ಅದು ಮೆತ್ತಗಾಗದು. ಸ್ಟೀಕ್ ಮಾಡುವುದಾದರೆ ಅಂಗಡಿಯಲ್ಲಿ ಅಂಡರ್‌ಕಟ್ ಎಂಬ ಮೆತ್ತನೆಯ ಭಾಗ ಕೇಳಿ. ಉಳಿದ ಭಾಗಗಳು ಸಾರಿಗೆ, ಪಲ್ಯಕ್ಕೆ ಇರಲಿ.

ಬೆಂದಿದೆಯೋ ಇಲ್ಲವೋ ಎಂಬುದನ್ನು ಬಣ್ಣ ನೋಡಿ ಹೇಳಲಾಗದು. ಇಡೀ ತುಂಡಿನ ಒಳಗೆ 63 ಡಿಗ್ರಿ ಮುಟ್ಟಿ ಮೂರು ನಿಮಿಷ ಕಳೆಯಬೇಕು, ಖೀಮಾ ಆದರೆ 71 ಡಿಗ್ರಿ ಮುಟ್ಟಬೇಕು ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಇಡೀ ತುಂಡಿನಲ್ಲಿ ರೋಗಾಣುಗಳು ಸಾಮಾನ್ಯವಾಗಿ ಮೇಲ್ಮೈಯಲ್ಲಿರುತ್ತವೆ, ಕೊಚ್ಚಿದಾಗ ಒಳಗೂ ಬೆರೆಯುತ್ತವೆ. ಈ ಅಡುಗೆಗೆಂದು ಹೊಸದೇನಾದರೂ ಕೊಳ್ಳುವುದಿದ್ದರೆ, ದುಬಾರಿ ಕಾವಲಿಯ ಬದಲು ಚುಚ್ಚಿ ನೋಡುವ ಅಡುಗೆ ಥರ್ಮಾಮೀಟರ್ ಕೊಳ್ಳಿ.