ನಿಮಗಿದು ಗೊತ್ತೇ? ಟ್ರಾಂಬೆಯ ತ್ಯಾಜ್ಯಕ್ಕೆ ತಲೆಮಾರುಗಳ ಕಾವಲು

● ಭಾರತದ ಮೊದಲ ಪರಮಾಣು ರಿಯಾಕ್ಟರ್ ‘ಅಪ್ಸರಾ’ ಚಾಲೂ ಆದದ್ದು ಮುಂಬೈಯ ಟ್ರಾಂಬೆಯಲ್ಲಿ, 1956ರ ಆಗಸ್ಟ್ 4ರಂದು. ಚೆಂಬೂರು, ಮಾನ್‌ಖುರ್ದ್‌ಗಳ ಮಗ್ಗುಲಿನ ಈ ನೆಲಕ್ಕೆ ವಿಕಿರಣ ತ್ಯಾಜ್ಯದ ಹೊಣೆಯೂ ಅಂದಿನಿಂದಲೇ ಬಿತ್ತು.

● ಅಲ್ಲಿಯದೇ ‘ಸೈರಸ್’ ರಿಯಾಕ್ಟರ್ 1960ರಲ್ಲಿ ಶುರುವಾಗಿ, 2010ರ ಡಿಸೆಂಬರ್ 31ರಂದು ಕಾಯಂ ಆಗಿ ನಿಂತಿತು. ರಿಯಾಕ್ಟರ್ ನಿಂತರೂ ಅದರ ಒಡಲಿನ ವಿಕಿರಣ ನಿಲ್ಲದು. ಕಳಚಿದ ಲೋಹ, ಕಾಂಕ್ರೀಟುಗಳಲ್ಲೂ ಒಂದು ಪಾಲು ತ್ಯಾಜ್ಯವೇ.

● ಉರಿದ ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಪ್ಲುಟೋನಿಯಂ ಬೇರ್ಪಡಿಸುವ ಘಟಕ ಟ್ರಾಂಬೆಗೆ 1964ರಲ್ಲೇ ಬಂತು. ಕೊನೆಗೆ ಉಳಿಯುವ ದ್ರವವೇ ಅತಿ ತೀವ್ರ ತ್ಯಾಜ್ಯ. ಜಗತ್ತಿನ ಅಣುತ್ಯಾಜ್ಯದ ಗಾತ್ರದಲ್ಲಿ ಈ ವರ್ಗದ ಪಾಲು ಸುಮಾರು ಶೇ. 3, ವಿಕಿರಣದಲ್ಲಿ ಸುಮಾರು ಶೇ. 95!

● ವಿಕಿರಣವನ್ನು ಸುಟ್ಟು ಕೊಲ್ಲಲಾಗದು. ತ್ಯಾಜ್ಯದಲ್ಲಿರುವ ಸೀಸಿಯಂ-137 ಅರ್ಧಕ್ಕಿಳಿಯಲು 30 ವರ್ಷ, ಸಾವಿರದಲ್ಲೊಂದು ಪಾಲಾಗಲು 300 ವರ್ಷ ಬೇಕು. 300 ವರ್ಷ ಹಿಂದೆ ಮುಂಬೈ ಇನ್ನೂ ಬಿಡಿಬಿಡಿ ದ್ವೀಪಗಳಾಗಿತ್ತು. ಪ್ಲುಟೋನಿಯಂ-239 ಅರ್ಧವಾಗಲು ಹಿಡಿಯುವ ಕಾಲ ಸುಮಾರು 24,000 ವರ್ಷ.

● ಅತಿ ತೀವ್ರ ತ್ಯಾಜ್ಯದ ದ್ರವವನ್ನು ಕುಲುಮೆಯಲ್ಲಿ ಗಾಜಿನೊಂದಿಗೆ ಕರಗಿಸಿ, ಉಕ್ಕಿನ ಡಬ್ಬಿಗೆ ಹೊಯ್ದು ಗಟ್ಟಿಗೊಳಿಸುತ್ತಾರೆ. ಟ್ರಾಂಬೆಯ ಈ ಘಟಕ 2002ರದು. ಇಲ್ಲಿಯ ದ್ರವದಲ್ಲಿ ಸಲ್ಫೇಟ್ ಇರುವುದರಿಂದ ಬೇರಿಯಂ ಬೆರೆತ ವಿಶೇಷ ಬೋರೋಸಿಲಿಕೇಟ್ ಗಾಜನ್ನೇ ರೂಪಿಸಬೇಕಾಯಿತು.

● ಗಟ್ಟಿಯಾದ ಗಾಜೂ ಒಳಗಿನ ವಿಕಿರಣದಿಂದ ಬಿಸಿಯಾಗುತ್ತಲೇ ಇರುತ್ತದೆ. ಮುಂಬೈಯ ಉತ್ತರಕ್ಕಿರುವ ತಾರಾಪುರದ ದಾಸ್ತಾನಿನಲ್ಲಿ ಗಾಳಿ ತಾನಾಗಿ ಹರಿದು ಡಬ್ಬಿಗಳನ್ನು ತಣಿಸುವ ಏರ್ಪಾಡಿದೆ. ಕಾವಲು ಮಾತ್ರ ದಶಕಗಳ ಕಾಲ ತಪ್ಪುವಂತಿಲ್ಲ.

● ಈ ತ್ಯಾಜ್ಯದಿಂದ ಜೀವ ಉಳಿಸುವ ವಸ್ತುವೂ ಬರುತ್ತದೆ! ಟ್ರಾಂಬೆಯ ವಿಜ್ಞಾನಿಗಳು ಸೀಸಿಯಂ ಹೆಕ್ಕಿ ‘ಗಾಜಿನ ಪೆನ್ಸಿಲ್’ ಮಾಡಿದ್ದಾರೆ; ರೋಗಿಗೆ ಕೊಡುವ ರಕ್ತಕ್ಕೆ ವಿಕಿರಣ ಹಾಯಿಸಿ ಸುರಕ್ಷಿತಗೊಳಿಸಲು ಅದು ಬೇಕು. ರುಥೇನಿಯಂ-106 ಕಣ್ಣಿನ ಕ್ಯಾನ್ಸರ್ ಚಿಕಿತ್ಸೆಗೆ ಒದಗುತ್ತದೆ.

● ಕೋಲಾರದ ಚಿನ್ನದ ಗಣಿಯಲ್ಲಿ, 1,000 ಮೀಟರ್ ಆಳದಲ್ಲಿ, ಬಿಸಿ ತ್ಯಾಜ್ಯವನ್ನು ಹೂತರೆ ಬಂಡೆ ಹೇಗೆ ತಾಳುತ್ತದೆಂದು ವಿದ್ಯುತ್ ಹೀಟರಿಟ್ಟು 8 ವರ್ಷ ಪರೀಕ್ಷಿಸಲಾಗಿತ್ತು. 2012ರಲ್ಲಿ ಅಣುತ್ಯಾಜ್ಯವನ್ನು ಗಣಿಗೆ ತಂದು ಸುರಿಯುತ್ತಾರೆಂಬ ಸುದ್ದಿ ಹಬ್ಬಿ ಜನ ಬೀದಿಗಿಳಿದರು. ಅಂಥ ಯೋಜನೆ ಇಲ್ಲವೆಂದು ಸರ್ಕಾರ ಹೇಳಿತು.

● ಫಿನ್‌ಲೆಂಡಿನ ‘ಒಂಕಾಲೋ’ದಲ್ಲಿ 400 ಮೀಟರಿಗೂ ಆಳದ ಬಂಡೆಯಲ್ಲಿ ಉರಿದ ಇಂಧನಕ್ಕೆ ಶಾಶ್ವತ ನೆಲೆ ತೋಡಲಾಗಿದೆ. ತಾಮ್ರದ ಡಬ್ಬಿ, ಸುತ್ತ ಬೆಂಟೊನೈಟ್ ಜೇಡಿಮಣ್ಣು. ಅಗೆತ ಶುರುವಾದದ್ದು 2004ರಲ್ಲಿ.

● ಅಮೆರಿಕ ಸರ್ಕಾರ 1998ರಿಂದ ಉರಿದ ಇಂಧನವನ್ನು ತಾನೇ ಒಯ್ಯುವುದಾಗಿ ವಿದ್ಯುತ್ ಕಂಪನಿಗಳಿಗೆ ಮಾತು ಕೊಟ್ಟಿತ್ತು. ಅದು ನಡೆಯಲಿಲ್ಲ. ಪರಿಹಾರವಾಗಿ ತೆರಿಗೆದಾರರ ಶತಕೋಟಿಗಟ್ಟಲೆ ಡಾಲರ್ ತೆರುತ್ತಿದೆ.

● ಬ್ರಿಟನ್ನಿನ ಸೆಲ್ಲಾಫೀಲ್ಡ್ ಅಣುಕೇಂದ್ರವನ್ನು ಶುಚಿಗೊಳಿಸಲು 2024ರ ಅಂದಾಜು 136 ಶತಕೋಟಿ ಪೌಂಡ್. ಕೆಲಸ 2125ರವರೆಗೆ! ಹಿಂದೆ ಬಳಸಿದ ವಿದ್ಯುತ್ತಿನ ಬಿಲ್ಲನ್ನು ಇನ್ನೂ ಹುಟ್ಟದ ಮಕ್ಕಳು ಕಟ್ಟಬೇಕು.

● ನಮ್ಮಲ್ಲಿ ಅಣುವಿದ್ಯುತ್ತಿನ ದರದಲ್ಲಿ ಯೂನಿಟ್ಟಿಗೆ 2 ಪೈಸೆ, ಮುಂದೆ ಸ್ಥಾವರ ಕಳಚುವ ವೆಚ್ಚಕ್ಕೆಂದು ಸೇರಿರುತ್ತದೆ. ಆಳದ ಶಾಶ್ವತ ನೆಲೆ ಭಾರತದಲ್ಲಿ ಇನ್ನೂ ಆಗಿಲ್ಲ. ಆ 2 ಪೈಸೆಗಳ ನಿಧಿಯಲ್ಲಿ ಎಷ್ಟು ಕೂಡಿದೆ, ಎಷ್ಟು ಬೇಕು ಎಂಬ ಲೆಕ್ಕ ವರ್ಷವರ್ಷ ಜನರ ಮುಂದೆ ಬರಬೇಕು. ದೀಪ ಉರಿಸಿಕೊಂಡವರು ನಾವು. ಕಾವಲಿನ ಖರ್ಚನ್ನೂ ನಾವೇ ಎತ್ತಿಡುವುದು ನ್ಯಾಯ.